ತಾಜಾ ಮೀನಿನ ಊರಿನಲ್ಲಿ ಹೆಪ್ಪುಗಟ್ಟಿದ ಮೀನು

ಕಾರವಾರದ ಒಳರಸ್ತೆಯೊಂದರಲ್ಲಿ ಆರೇಳು ಮೇಜುಗಳ ಪುಟ್ಟ ಸುಶಿ (ಹುಳಿ ಬೆರೆಸಿದ ಅನ್ನ ಮತ್ತು ಹೆಚ್ಚಾಗಿ ಹಸಿ ಮೀನಿನ ಜಪಾನಿ ತಿನಿಸು) ಅಂಗಡಿಯಿದೆ. ಅಲ್ಲಿಗೆ ಮೊದಲ ಸಲ ಬರುವ ಊರಿನವರು ತಿಂಡಿಪಟ್ಟಿ ನೋಡಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಎದುರಿಗೇ ಅರಬ್ಬಿ ಸಮುದ್ರ, ಪಕ್ಕದಲ್ಲೇ ಬೈತಖೋಲ ಬಂದರು, ಹೀಗಿದ್ದೂ ನಾರ್ವೆಯ ಸಾಲ್ಮನ್ ಏಕೆ? ಅದೂ ಹೆಪ್ಪುಗಟ್ಟಿಸಿ ತಂದದ್ದು! ಬಂಗಡೆಯ ಕಿವಿರೆತ್ತಿ ಕೆಂಪು ನೋಡಿ, ಕಣ್ಣು ಉಬ್ಬಿದೆಯೋ ಗುಳಿಬಿದ್ದಿದೆಯೋ ಪರೀಕ್ಷಿಸಿ, ಬೆರಳಿನಿಂದ ಒತ್ತಿ, ಆಮೇಲೆ ಚೌಕಾಸಿಗೆ ಇಳಿಯುವ ಊರಿದು. ಮಂಜುಗಡ್ಡೆಯಲ್ಲಿಟ್ಟ ಮೀನೆಂದರೇ ಮೂಗು ಮುರಿಯುವವರಿಗೆ ಫ್ರೀಜರ್‌ನ ಮೀನಿನ ಮಾತು ಹೇಳುವುದೇ ಬೇಡ.

ಗಿರಾಕಿಗಳು ತುಂಬಿರುವ ಹೊತ್ತಿನಲ್ಲಿ ಇದನ್ನೆಲ್ಲ ವಿವರಿಸುವ ಪುರಸೊತ್ತು ಅಂಗಡಿಯವರಿಗಿಲ್ಲ. ಆದರೆ ಪ್ರಶ್ನೆಗೆ ಗಟ್ಟಿಯಾದ ಉತ್ತರವಿದೆ. ಹಸಿಯಾಗಿ ತಿನ್ನುವ ಮೀನು ತಾಜಾ ಆಗಿರಬೇಕು, ನಿಜ. ಅಷ್ಟೇ ಇದ್ದರೆ ಸಾಲದು. ಎಷ್ಟೋ ಸಲ ಬಲೆಯಿಂದ ಈಗಷ್ಟೇ ಬಿಡಿಸಿದ ಮೀನಿಗಿಂತ ವಾರವಿಡೀ ಕಲ್ಲಿನಂತೆ ಮರಗಟ್ಟಿದ್ದ ಮೀನೇ ಹೊಟ್ಟೆಗೆ ಕ್ಷೇಮ.

ಕಾರಣ ಅನಿಸಾಕಿಸ್ ಎಂಬ ದುಂಡುಹುಳು. ಅದರ ನಿಜವಾದ ಮನೆ ತಿಮಿಂಗಿಲ ಮತ್ತು ಡಾಲ್ಫಿನ್‌ಗಳ ಜಠರ. ಅವುಗಳ ಮಲದೊಂದಿಗೆ ಮೊಟ್ಟೆ ನೀರಿಗೆ ಬೀಳುತ್ತದೆ. ಮರಿಹುಳುವನ್ನು ಸಿಗಡಿಯ ಜಾತಿಯ ಸೂಕ್ಷ್ಮ ಜೀವಿಗಳು ನುಂಗುತ್ತವೆ, ಅವುಗಳನ್ನು ಮೀನು ಮತ್ತು ಸ್ಕ್ವಿಡ್ ಜಾತಿಯ ಕಪ್ಪೆ ಬೊಂಡಾಸ್ ನುಂಗುತ್ತವೆ. ಮೀನನ್ನು ಡಾಲ್ಫಿನ್ ತಿಂದಾಗ ಚಕ್ರ ಪೂರ್ಣ. ನಡುವೆ ಮನುಷ್ಯ ಕೈಹಾಕಿ ಹಸಿ ಮೀನು ತಿಂದರೆ ಹುಳುವಿಗೆ ದಾರಿ ತಪ್ಪುತ್ತದೆ. ಸುಮಾರು ಎರಡು ಸೆಂಟಿಮೀಟರ್ ಉದ್ದದ ಆ ಬಿಳಿ ಎಳೆ ನಮ್ಮ ಜಠರದ ಗೋಡೆ ಕೊರೆಯಲು ನೋಡುತ್ತದೆ; ಕೆಲವೇ ತಾಸುಗಳಲ್ಲಿ ತಡೆಯಲಾರದ ಹೊಟ್ಟೆನೋವು. ವೈದ್ಯರು ಎಂಡೋಸ್ಕೋಪಿಯ ಕೊಳವೆ ಇಳಿಸಿ, ಪುಟ್ಟ ಇಕ್ಕಳದಿಂದ ಹುಳುವನ್ನು ಹಿಡಿದು ಎಳೆದದ್ದೇ ತಡ, ನೋವು ಸಾಮಾನ್ಯವಾಗಿ ಇಳಿಯುತ್ತದೆ.

ಮೀನು ಎಷ್ಟು ತಾಜಾ ಆಗಿದ್ದರೂ ಈ ಹುಳುವಿಗೆ ಏನೂ ಆಗುವುದಿಲ್ಲ. ಮೀನು ಜೀವಂತವಿದ್ದಾಗಲೇ ಅದು ಒಳಗಿರುತ್ತದೆ. ಹೆಚ್ಚಿನವು ಕರುಳಿನ ಸುತ್ತ ಸುರುಳಿ ಸುತ್ತಿ ಮಲಗಿರುತ್ತವೆ, ಮೀನು ಸತ್ತ ಮೇಲೆ ಕೆಲವು ಮಾಂಸದೊಳಗೆ ನುಸುಳುತ್ತವೆ. ಅದನ್ನು ಕೊಲ್ಲುವುದು ಬಿಸಿ ಅಥವಾ ಕಡುಶೀತ. ನಮ್ಮ ಸಾರು, ಹುರುಕಲು ಎಲ್ಲದರಲ್ಲೂ ಬೆಂಕಿ ಆ ಕೆಲಸವನ್ನು ನಮಗೆ ಗೊತ್ತಾಗದಂತೆ ಮಾಡಿಬಿಡುತ್ತದೆ. ಸುಶಿಯಲ್ಲಿ ಅದನ್ನು ಶೀತವೇ ಮಾಡಬೇಕು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಮಾರ್ಗಸೂಚಿಯಂತೆ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ, ಅಥವಾ ಮೈನಸ್ 35 ಡಿಗ್ರಿಯಲ್ಲಿ ಗಟ್ಟಿಯಾಗಿಸಿ ಅಷ್ಟೇ ಶೀತದಲ್ಲಿ 15 ತಾಸು ಇಡಬೇಕು. ಮನೆಯ ಫ್ರಿಜ್ಜಿನ ಮೇಲಂಕಣ ಮೈನಸ್ 18ರ ಆಸುಪಾಸಿನಲ್ಲಿರುತ್ತದೆ. ಮಕ್ಕಳು ಐಸ್‌ಕ್ರೀಮಿಗೆಂದು ಬಾಗಿಲು ತೆಗೆದಾಗಲೆಲ್ಲ ಅದೂ ಇರುವುದಿಲ್ಲ. ಪೇಟೆಯಿಂದ ಇಸವಾಣ ತಂದು ಮನೆಯಲ್ಲೇ ಸುಶಿ ಮಾಡುತ್ತೇನೆಂದು ಹೊರಡುವ ಉತ್ಸಾಹಿಗಳು ಇದನ್ನು ಗಮನಿಸಬೇಕು.

ಸಾಲ್ಮನ್‌ನದು ಇನ್ನೂ ಸ್ವಾರಸ್ಯದ ಕತೆ. ಜಪಾನೀಯರು ಅದನ್ನು ಸುಶಿಯಲ್ಲಿ ಹಸಿಯಾಗಿ ತಿನ್ನುವುದು ಹಳೆಯ ಸಂಪ್ರದಾಯವೇನಲ್ಲ. ಅವರ ಕಡಲಿನ ಕಾಡು ಸಾಲ್ಮನ್‌ನಲ್ಲಿ ಹುಳುಗಳ ಕಾಟವಿದ್ದುದರಿಂದ ಬೇಯಿಸಿಯೋ ಉಪ್ಪು ಹಾಕಿಯೋ ತಿನ್ನುತ್ತಿದ್ದರು. 1980ರ ದಶಕದಲ್ಲಿ ನಾರ್ವೆಯವರು ತಮ್ಮ ಸಾಕಣೆ ಸಾಲ್ಮನ್ ಮಾರಲು ಟೋಕಿಯೋಗೆ ಹೋದರು. ಪಂಜರದಲ್ಲಿ ಕಾರ್ಖಾನೆಯ ಒಣ ಗುಳಿಗೆ ತಿಂದು ಬೆಳೆದ ಮೀನಿಗೆ ಹುಳು ಅಂಟುವ ದಾರಿಯೇ ಇಲ್ಲವೆಂಬಷ್ಟು ಕಡಿಮೆ. ಒಪ್ಪಿಸಲು ವರ್ಷಗಳೇ ಹಿಡಿದವು. ಈಗ ಸುಶಿ ಎಂದರೆ ಜಗತ್ತಿನ ಕಣ್ಣಿಗೆ ಬರುವುದೇ ಆ ಕಿತ್ತಳೆ ಬಣ್ಣ. ಕಾರವಾರದ ಕಡಲಲ್ಲೂ ಪಂಜರಗಳಿವೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಇಲ್ಲಿನ ಕೇಂದ್ರ ಕೋಬಿಯಾ ಮೀನನ್ನು ಸಾಕಿ ತೋರಿಸಿದೆ. ಕೋಬಿಯಾವನ್ನು ಹಸಿಯಾಗಿ ತಿನ್ನುವ ರೂಢಿ ಪೂರ್ವ ಏಷ್ಯಾದಲ್ಲಿದೆ. ಆದರೆ ಪಂಜರಕ್ಕೆ ಹಾಕುವುದು ಒಣ ಗುಳಿಗೆಯೋ ಹಸಿ ತಾರ್ಲೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹಸಿ ಮೀನು ಹಾಕಿದರೆ ಹುಳುವಿಗೆ ಹಳೆಯ ದಾರಿ ಮತ್ತೆ ತೆರೆದುಕೊಳ್ಳುತ್ತದೆ.

ಶೀತಕ್ಕೂ ಮಿತಿಯಿದೆ. ಹುಳು ಸಾಯುತ್ತದೆ, ಬ್ಯಾಕ್ಟೀರಿಯಾ ಸಾಯುವುದಿಲ್ಲ. ನಿದ್ದೆ ಹೋಗುತ್ತದೆ ಅಷ್ಟೇ. 1950ರಲ್ಲಿ ಒಸಾಕಾದಲ್ಲಿ ಸಣ್ಣ ಮೀನು ತಿಂದ 272 ಜನ ಕಾಯಿಲೆ ಬಿದ್ದು 20 ಮಂದಿ ತೀರಿಕೊಂಡಾಗ, ಜಪಾನಿನ ವಿಜ್ಞಾನಿ ತ್ಸುನೆಸಬುರೊ ಫುಜಿನೊ ಅವರು ಪತ್ತೆಹಚ್ಚಿದ ಸೂಕ್ಷ್ಮಜೀವಿ ವಿಬ್ರಿಯೊ ಪ್ಯಾರಾಹೀಮೊಲೈಟಿಕಸ್. ಬೆಚ್ಚನೆಯ ಉಪ್ಪುನೀರು ಅದಕ್ಕೆ ತವರು, ಅಂದರೆ ನಮ್ಮ ಕಾಳಿ, ಅಘನಾಶಿನಿ ಅಳಿವೆಗಳಂಥ ಜಾಗ. ಅಲ್ಲಿನ ಚಿಪ್ಪುಗಳನ್ನು ನಮ್ಮವರು ಚೆನ್ನಾಗಿ ಬೇಯಿಸಿಯೇ ತಿನ್ನುವುದು ಸರಿಯಾದ ಕ್ರಮ. ಅವನ್ನೂ ಹಸಿಯಾಗಿ ತಿನ್ನುವ ಹೊಸ ಫ್ಯಾಷನ್ನಿಗೆ ನನ್ನ ಬೆಂಬಲವಿಲ್ಲ.

ಇನ್ನು ಅನ್ನಕ್ಕೆ ಬರೋಣ. ನನ್ನನ್ನು ಕೇಳಿದರೆ ಸುಶಿಯ ಜಾಣತನವೆಲ್ಲ ಇರುವುದು ಇಲ್ಲಿ, ಮೀನಿನಲ್ಲಲ್ಲ.

ಅಡುಗೆಯಾತ ಅಗಲವಾದ ಮರದ ತೊಟ್ಟಿಗೆ ಬಿಸಿ ಅನ್ನ ಸುರಿದು, ಅಕ್ಕಿಯ ವಿನೆಗರ್, ಸಕ್ಕರೆ, ಉಪ್ಪು ಬೆರೆಸಿದ ನೀರನ್ನು ಚಿಮುಕಿಸಿ, ಅಗುಳು ಮುರಿಯದಂತೆ ಸಟ್ಟುಗವನ್ನು ಓರೆಯಾಗಿ ಆಡಿಸುತ್ತಾನೆ. ಬಳಿಕ ಒಂದು ಚಮಚ ಅನ್ನವನ್ನು ಶುದ್ಧ ನೀರಿನಲ್ಲಿ ಕಲಸಿ ಅದಕ್ಕೆ ಹುಳಿಯ ಮಟ್ಟ ತೋರಿಸುವ ಪಿಎಚ್ ಕಾಗದದ ಚೂರು ಅದ್ದುತ್ತಾನೆ. ಬಣ್ಣವನ್ನು ಡಬ್ಬಿಯ ಮೇಲಿನ ಪಟ್ಟಿಯೊಂದಿಗೆ ಹೋಲಿಸಿ, ಪಿಎಚ್ 4.6ಕ್ಕಿಂತ ಕೆಳಗಿದ್ದರೆ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಮಾತ್ರ ಒಳಗೆ ಒಯ್ಯುತ್ತಾನೆ.

ಇಷ್ಟೊಂದು ಕಾಳಜಿ ಏಕೆಂದರೆ ಬೆಂದ ಅನ್ನ ಮುಗ್ಧ ಪದಾರ್ಥವಲ್ಲ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿಯೊಂದಿಗೇ ಬರುತ್ತವೆ, ಕುದಿಯುವ ನೀರಿಗೂ ಜಗ್ಗುವುದಿಲ್ಲ. ಅನ್ನ ಉಗುರುಬೆಚ್ಚಗೆ ತಾಸುಗಟ್ಟಲೆ ಕುಳಿತರೆ ಮೊಳೆತು ಬೆಳೆದು, ವಾಂತಿ ಬರಿಸುವ ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾದರೆ ಅನ್ನವನ್ನು ಫ್ರಿಜ್ಜಿನಲ್ಲಿಟ್ಟರಾಯಿತಲ್ಲ? ಆಗದು. ತಣ್ಣಗಾದ ಅನ್ನದಲ್ಲಿ ಪಿಷ್ಟದ ಎಳೆಗಳು ಮತ್ತೆ ಒತ್ತೊತ್ತಾಗಿ ಜೋಡಿಕೊಂಡು ನಡುವಿನ ನೀರನ್ನು ಹೊರಗೆ ತಳ್ಳುತ್ತವೆ. ಫ್ರಿಜ್ಜಿನ ಶೀತದಲ್ಲಿ ಈ ಕ್ರಿಯೆ ಬಲು ಬೇಗ ನಡೆಯುತ್ತದೆ. ಅಗುಳು ಬಿರುಸಾಗಿ, ಬಾಯಿಗೆ ಮರಳಿನಂತಾಗುತ್ತದೆ. ಮೀನಿಗೆ ಚಳಿ ಬೇಕು, ಅನ್ನಕ್ಕೆ ಮೈಬಿಸಿ ಬೇಕು, ಎರಡೂ ಒಂದೇ ತುತ್ತಿನಲ್ಲಿರಬೇಕು. ಈ ಬಿಕ್ಕಟ್ಟನ್ನು ಹುಳಿ ಬಿಡಿಸುತ್ತದೆ. ಆಮ್ಲೀಯತೆ ಅಷ್ಟಿದ್ದರೆ ಬೀಜಕಣ ಮೊಳೆಯುವುದಿಲ್ಲ, ಅನ್ನ ಕೋಣೆಯ ಉಷ್ಣತೆಯಲ್ಲೇ ಮೆತ್ತಗೆ ಉಳಿಯುತ್ತದೆ.

ಹುಳಿ ಇಲ್ಲಿಗೆ ಬಂದದ್ದು ರುಚಿಗಾಗಿ ಅಲ್ಲ. ಮೊದಲು ಉಪ್ಪು ಸವರಿದ ಮೀನನ್ನು ಅನ್ನದೊಳಗೆ ಒತ್ತಿ ತಿಂಗಳುಗಟ್ಟಲೆ ಇಡುತ್ತಿದ್ದರು. ಅನ್ನ ಹುದುಗಿ ಹುಟ್ಟಿದ ಲ್ಯಾಕ್ಟಿಕ್ ಆಮ್ಲ ಮೀನನ್ನು ಕೆಡದಂತೆ ಕಾಯುತ್ತಿತ್ತು, ತಿನ್ನುವಾಗ ಅನ್ನವನ್ನು ಬಿಸಾಡುತ್ತಿದ್ದರು. ಜಪಾನಿನ ಬಿವಾ ಸರೋವರದ ಸುತ್ತ ಈಗಲೂ ಫುನಾಜುಶಿ ಎಂಬ ಹೆಸರಿನಲ್ಲಿ ಹೀಗೆ ಮಾಡುತ್ತಾರೆ. ಅದರ ವಾಸನೆಗೆ ನಮ್ಮ ಒಣಮೀನಿನ ಸಂತೆಯವರೂ ಒಂದು ಹೆಜ್ಜೆ ಹಿಂದೆ ಸರಿದಾರು. ಕಾಯುವ ತಾಳ್ಮೆಯಿಲ್ಲದ ಪೇಟೆಯ ಜನರಿಗಾಗಿ ವಿನೆಗರ್ ಬಂತು. ಹತ್ತೊಂಬತ್ತನೇ ಶತಮಾನದ ಆರಂಭದ ಎದೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ, ಬೀದಿಬದಿಯಲ್ಲಿ ನಿಂತೇ ತಿನ್ನುವ ತಿಂಡಿಯಾಗಿ ಅನ್ನದ ಪುಟ್ಟ ಉಂಡೆಯ ಮೇಲೆ ಮೀನಿನ ಹೋಳಿಟ್ಟ ಇಂದಿನ ನಿಗಿರಿ ಸುಶಿ ರೂಪುಗೊಂಡಿತು. ನಮ್ಮ ಕುಚಲಕ್ಕಿಗೆ ಈ ಕೆಲಸ ಒಗ್ಗುವುದಿಲ್ಲ. ಅಮೈಲೋಸ್ ಎಂಬ, ಅಂಟು ಕಡಿಮೆ ಮಾಡುವ ಪಿಷ್ಟ ಹೆಚ್ಚಿರುವ ಅಕ್ಕಿ, ಅದನ್ನು ಬೇಯಿಸಿ ಒಣಗಿಸಿದ್ದು ಬೇರೆ; ಅಗುಳಿಗೆ ಅಗುಳು ಅಂಟದು. ಗಂಜಿಗೆ ಅದೇ ಗುಣ, ಉಂಡೆಗೆ ಅದೇ ದೋಷ.

ತಟ್ಟೆಯಂಚಿನಲ್ಲಿ ಚಟ್ನಿಯಂತೆ ಇಡುವ, ಘಾಟಿನ ಹಸಿರು ವಸಾಬಿ ಮಾತ್ರ ಬಹುತೇಕ ಕಡೆ ವಸಾಬಿಯೇ ಅಲ್ಲ. ಹಾರ್ಸ್‌ರ‍್ಯಾಡಿಷ್ ಎಂಬ ಬೇರು, ಸಾಸಿವೆ ಮತ್ತು ಹಸಿರು ಬಣ್ಣ. ಮೂಗಿಗೆ ಏರುವ ಘಾಟು ಅಲೈಲ್ ಐಸೋಥಯೋಸಯನೇಟ್‌ನದು. ಜೀವಕೋಶ ಒಡೆದಾಗ ಕಿಣ್ವವೊಂದು ಇನ್ನೊಂದು ರಾಸಾಯನಿಕಕ್ಕೆ ತಾಗಿ ಅದು ಅಲ್ಲಿಯೇ ಹುಟ್ಟುತ್ತದೆ. ಶಿರಸಿ ಕಡೆಯ ಸಾಸ್ಮೆಗೆ ತೆಂಗಿನಕಾಯಿಯೊಂದಿಗೆ ಹಸಿ ಸಾಸಿವೆ ಅರೆದಾಗ ಒರಳಿನಲ್ಲಿ ನಡೆಯುವುದೂ ಇದೇ ಕ್ರಿಯೆ. ಹಾಗಾಗಿ ಮೀನು ಮುಟ್ಟದ ಶಿರಸಿಯವರಿಗೂ ಸುಶಿಯ ಒಂದಂಶ ಚಿಕ್ಕಂದಿನಿಂದ ಪರಿಚಯವಿದೆ.

ಅಂಗಡಿಯ ಪಟ್ಟಿಯಲ್ಲಿ ಬಂಗಡೆ ಇಲ್ಲ. ಜಪಾನಿನಲ್ಲಿ ಅದರ ಸಂಬಂಧಿ ಮೀನಿಗೆ ಉಪ್ಪು ಸವರಿ, ವಿನೆಗರ್‌ನಲ್ಲಿ ನೆನೆಸಿ ಸುಶಿ ಮಾಡುತ್ತಾರೆ. ಇಲ್ಲಿ ಬಿಟ್ಟಿರುವುದು ವಿವೇಕ ಎಂದೇ ನನ್ನ ಎಣಿಕೆ, ಮತ್ತು ಇದರ ಕಾರಣ ಸುಶಿ ತಿನ್ನದವರಿಗೂ ಸಂಬಂಧಿಸಿದ್ದು. ಬಂಗಡೆ, ತಾರ್ಲೆ, ಟ್ಯೂನಾಗಳ ಕೆಂಪು ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಧಾರಾಳವಾಗಿದೆ. ಸತ್ತ ಮೀನು ಬಿಸಿಲಿಗೆ ಬಿದ್ದಿದ್ದರೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಹಾಗಾಗದಂತೆ ತಡೆಯುವುದು ದೋಣಿಯಲ್ಲಿ ಮೀನು ಬಿದ್ದ ಹೊತ್ತಿನಿಂದ ಹಾಕಿದ ಮಂಜುಗಡ್ಡೆ ಮಾತ್ರ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಕುದಿಸಿದರೂ ಹುರಿದರೂ ಹೆಪ್ಪುಗಟ್ಟಿಸಿದರೂ ಹೋಗದು, ವಾಸನೆಯಿಂದಲೂ ಸುಳಿವು ಕೊಡಬೇಕೆಂದಿಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ, ತಲೆ ಸಿಡಿದು, ಮೈ ತುರಿಸತೊಡಗುತ್ತದೆ. ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ಅದನ್ನು ಮೀನಿನ ಅಲರ್ಜಿ ಎಂದುಕೊಂಡು ಬಂಗಡೆಯನ್ನೇ ಬಿಟ್ಟವರು ನಮ್ಮ ಕರಾವಳಿಯಲ್ಲಿ ಇರಬಹುದು. ನಿಜವಾದ ಅಲರ್ಜಿಯೋ ಅಲ್ಲವೋ ಎಂಬುದನ್ನು ವೈದ್ಯರು ಪರೀಕ್ಷಿಸಿ ಹೇಳಬಲ್ಲರು. ಹಿಸ್ಟಮಿನ್ನಿನ ಆಟವಷ್ಟೇ ಆಗಿದ್ದರೆ, ಮಂಜುಗಡ್ಡೆಯಲ್ಲಿ ಸರಿಯಾಗಿ ಇಟ್ಟ ಬೇರೆ ಬುಟ್ಟಿಯ ಬಂಗಡೆ ಅವರಿಗೆ ಏನೂ ಮಾಡುವುದಿಲ್ಲ.