ಎನ್‌ಕ್ರಿಪ್ಟ್ ಮಾಡಿದ ಯಕ್ಷಗಾನ ಆಟ ನೋಡಲು ಪೂರ್ತಿ ಫೈಲ್ ಇಳಿಯಬೇಕಾ?

ಪ್ರಶ್ನೆ: ಯಕ್ಷಗಾನದ ರೆಕಾರ್ಡಿಂಗ್‌ಗಳನ್ನು ಆರ್‌ಕ್ಲೋನ್ ತಂತ್ರಾಂಶದ ಕ್ರಿಪ್ಟ್ (ಫೈಲಿಗೆ ಬೀಗ ಹಾಕುವ ಭಾಗ) ಮೂಲಕ ಕ್ಲೌಡಿಗೆ ಹಾಕಿ, ವಿಡಿಯೋ ತೋರಿಸುವ ಮನೆಯ ಜೆಲ್ಲಿಫಿನ್ ಸರ್ವರಿಗೆ ಮೌಂಟ್ ಮಾಡಿದ್ದೇನೆ, ಅಂದರೆ ಅಲ್ಲಿಯದೇ ಫೋಲ್ಡರಿನಂತೆ ಕಾಣುವ ಹಾಗೆ ಜೋಡಿಸಿದ್ದೇನೆ. ಇಡೀ ಫೈಲ್ ಇಳಿದ ಮೇಲಷ್ಟೇ ಬೀಗ ತೆಗೆಯುವುದಂತೆ, ಹೌದಾ?
– ಬದಿಯಡ್ಕದ ಓದುಗರು

ಅಲ್ಲ. ಕುಂಬಳೆಯಿಂದ ಪೆರ್ಲದವರೆಗೆ ಎಷ್ಟು ಜನರಿಗೆ ಇದನ್ನು ಹೇಳಿದ್ದೇನೋ ಲೆಕ್ಕ ಇಲ್ಲ. ಇನ್ನೊಮ್ಮೆ ಸಾವಕಾಶವಾಗಿ ಹೇಳುತ್ತೇನೆ.

ಪಾಸ್‌ವರ್ಡ್ ಇಟ್ಟ ಜಿಪ್ ಫೈಲ್ ಬಿಚ್ಚಿ ಅಭ್ಯಾಸ ಇದ್ದವರಿಗೆ ಹೀಗೆ ಅನಿಸುತ್ತದೆ. ಕ್ರಿಪ್ಟ್ ಹಾಗಲ್ಲ. ಫೈಲನ್ನು 64 ಕೆಬಿಯ ತುಂಡು ಮಾಡಿ, ಒಂದೊಂದು ತುಂಡನ್ನೂ ಬೇರೆಯಾಗಿಯೇ ಸೀಲು ಮಾಡುತ್ತದೆ. 4 ಜಿಬಿ ಅಂದರೆ 65,536 ತುಂಡು. ತುಂಡಿಗೆ 16 ಬೈಟ್, ಫೈಲಿನ ತಲೆಗೆ 32 ಬೈಟ್, ಜಾಸ್ತಿಯಾಗುವುದು ಅಷ್ಟೇ. ಅಳತೆ ಇಷ್ಟು ಪಕ್ಕಾ ಇರುವುದರಿಂದ, ನೀವು ನೇರ ಮಹಿಷಾಸುರನ ಪ್ರವೇಶಕ್ಕೆ ಹಾರಿದರೆ ಯಾವ ತುಂಡು ಬೇಕೆಂದು ಲೆಕ್ಕ ಹಾಕಿ ಅಲ್ಲಿಂದಲೇ ತರುತ್ತದೆ. ಅದಕ್ಕೆ ಮೊದಲಿನ ದೇವೇಂದ್ರನ ಒಡ್ಡೋಲಗ ಕ್ಲೌಡಿನಲ್ಲೇ ಉಳಿಯುತ್ತದೆ.

"ಕ್ಯಾಶ್ ಫೋಲ್ಡರಿನಲ್ಲಿ (ಇಳಿದದ್ದನ್ನು ತಾತ್ಕಾಲಿಕವಾಗಿ ಇಡುವ ಜಾಗ) 4 ಜಿಬಿ ಇರುವುದನ್ನು ಕಣ್ಣಾರೆ ನೋಡಿದೆ" ಅಂತ ಕೆಲವರು ಅನ್ನುತ್ತಾರೆ. ಎಲ್ಲರೂ ಎಡವುವುದು ಇಲ್ಲೇ. ವಿಎಫ್ಎಸ್ ಕ್ಯಾಶ್ ಮೋಡ್ ಎಂಬ ಮೌಂಟ್ ಆಯ್ಕೆ 'ಫುಲ್' ಇದ್ದಾಗ ಆರ್‌ಕ್ಲೋನ್ ಪೂರ್ತಿ ಉದ್ದದ ಟೊಳ್ಳು ಫೈಲ್ ಒಂದನ್ನು ಇಡುತ್ತದೆ. ಓದಿದ ಜಾಗ ಮಾತ್ರ ತುಂಬುತ್ತದೆ. 'ಎಲ್ಎಸ್' ಕಮಾಂಡ್ (ls -l) ಹೇಳುವುದು ಆ ಉದ್ದವನ್ನು. ಡಿಸ್ಕಿನಲ್ಲಿ ನಿಜವಾಗಿ ಎಷ್ಟು ಜಾಗ ಹೋಗಿದೆ ಎಂದು 'ಡಿಯು' ಕಮಾಂಡ್ (du) ಹೇಳುತ್ತದೆ. ಮೂರು ಗಂಟೆಯ ಕಾಲಮಿತಿ ಆಟವೊಂದನ್ನು ನಾನು ಹತ್ತು ನಿಮಿಷ ನೋಡಿ ನಿಲ್ಲಿಸಿದೆ. ಎಲ್ಎಸ್ 4 ಜಿಬಿ ಅಂತು. ಡಿಯು ಸುಮಾರು 260 ಎಂಬಿ. ನೀವೂ ಹಾಕಿ ನೋಡಿ, ನನ್ನ ಮಾತು ನಂಬಬೇಕಾಗಿಲ್ಲ.

ಡೇಟಾ ನಿಜಕ್ಕೂ ಖಾಲಿಯಾಗುತ್ತಿದ್ದರೆ ಜೆಲ್ಲಿಫಿನ್‌ನ ಟ್ರಿಕ್‌ಪ್ಲೇ (ವಿಡಿಯೋ ಮುಂದಕ್ಕೆ ಹಾರಿಸುವಾಗ ಕಾಣುವ ಪುಟ್ಟ ಚಿತ್ರಗಳು) ಮತ್ತು ಚಾಪ್ಟರ್ ಚಿತ್ರ ತೆಗೆಯುವ ಆಯ್ಕೆ ನೋಡಿ. ಟ್ರಿಕ್‌ಪ್ಲೇ ಚಿತ್ರಗಳಿಗಾಗಿ ವಿಡಿಯೋವನ್ನು ತುದಿಯಿಂದ ತುದಿಗೆ ಓದುತ್ತದೆ. ಎರಡನ್ನೂ ಆಫ್ ಮಾಡಿ.

ನೀವು ಕೇಳಿಲ್ಲ, ಆದರೆ ಕನ್ನಡದಲ್ಲಿ ಫೈಲಿನ ಹೆಸರು ಇಡುವವರಿಗೆ ಇದು ಬೇಕು. ಕ್ರಿಪ್ಟ್ ಹೆಸರನ್ನೂ ಮರೆಮಾಡುತ್ತದೆ, ಆಗ ಹೆಸರು ಉದ್ದವಾಗುತ್ತದೆ. ಹೆಸರಿಗೆ 255 ಅಕ್ಷರದ ಮಿತಿ ಇರುವ ಕಡೆ ಮೂಲ ಹೆಸರು 143 ಬೈಟ್ ದಾಟಬಾರದು. ಕನ್ನಡದಲ್ಲಿ ಅಕ್ಷರಕ್ಕೆ 3 ಬೈಟ್, ದೀರ್ಘ, ಕೊಂಬು ಸೇರಿದರೆ ಒಂದೊಂದಕ್ಕೂ ಮತ್ತೆ 3, ಒತ್ತಿಗೆ ಮತ್ತೆ 6. 'ಯಕ್ಷಗಾನ' ನೋಡಲು ನಾಲ್ಕೇ ಅಕ್ಷರ, ಬೈಟ್ ಮಾತ್ರ 21! ಪ್ರಸಂಗ, ಮೇಳ, ಭಾಗವತರು, ಊರು ಎಲ್ಲ ಒಂದೇ ಹೆಸರಿಗೆ ತುರುಕಿದರೆ ಅಪ್‌ಲೋಡ್ ನಿಲ್ಲಬಹುದು. ಹಾಗಂತ ಇಂಗ್ಲಿಷಿಗೆ ಬದಲಿಸಬೇಡಿ. ಮಿತಿಯ ಲೆಕ್ಕ ಫೋಲ್ಡರಿನ ಹೆಸರಿಗೆ ಬೇರೆ, ಫೈಲಿನ ಹೆಸರಿಗೆ ಬೇರೆ. ಮೇಳದ ಹೆಸರು ಫೋಲ್ಡರಿಗೆ, ಪ್ರಸಂಗ ಮತ್ತು ತಾರೀಕು ಫೈಲಿಗೆ ಇಡಿ, ಸಾಕು.