ಕ್ಯಾಪ್ಟನ್ ಕುರ್ಚಿ ಮತ್ತು ರಾತ್ರಿ ಪಾಳಿ: ‘ಸ್ಟಾರ್ ಟ್ರೆಕ್’ ಸರಣಿಗಳಲ್ಲಿ ಪ್ರತಿಭೆ, ಬಡ್ತಿಯ ಆಸೆ

ಹಾಸನದಲ್ಲಿ ಭಾನುವಾರಗಳಂದು ಸೇರುವ ನಮ್ಮ ಅಭ್ಯಾಸ ಕೂಟದಲ್ಲಿ ಈ ತಿಂಗಳು ವೈಜ್ಞಾನಿಕ ಕಥಾಸರಣಿಗಳ ಸರದಿ. ಬಾಹ್ಯಾಕಾಶ ನೌಕೆಯ ಸಿಬ್ಬಂದಿಯ ಪ್ರತಿಭೆ ಮತ್ತು ಮಹತ್ವಾಕಾಂಕ್ಷೆ ಅವುಗಳಲ್ಲಿ ಹೇಗೆ ಚಿತ್ರಿತವಾಗಿವೆ ಎಂಬ ಭಾಗ ನನ್ನ ಪಾಲಿಗೆ ಬಂದಿತ್ತು. ನಾನು ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ಟಿವಿ ಸರಣಿಮಾಲೆ ಒಂದನ್ನೇ ಆರಿಸಿಕೊಂಡಿದ್ದೇನೆ. ಅದು ಕಲ್ಪಿಸುವ ಭವಿಷ್ಯದಲ್ಲಿ ಭೂಮಿಯ ಜನ ಹಣಕ್ಕಾಗಿ ದುಡಿಯುವುದಿಲ್ಲವಾದ್ದರಿಂದ, ಸಂಬಳದ ಮಾತೇ ಇಲ್ಲದಿದ್ದಾಗಲೂ ಮನುಷ್ಯ ಮೇಲಿನ ಹುದ್ದೆಯನ್ನು ಏಕೆ ಬಯಸುತ್ತಾನೆ ಎಂಬ ಪ್ರಶ್ನೆ ಅಲ್ಲಿ ತಾನಾಗಿಯೇ ಏಳುತ್ತದೆ.

ಪ್ರತಿಭೆ ಎಂದರೆ ಕೈಗೆ ಒಲಿದ ಕೆಲಸ. ಮಹತ್ವಾಕಾಂಕ್ಷೆ ಎಂದರೆ ಸ್ಥಾನದ ಬಯಕೆ. ಸರಣಿಯು ಹಲವು ಸಲ ಇವೆರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯುತ್ತದೆ, ಆ ಅಳತೆಗೋಲು ಕ್ಯಾಪ್ಟನ್ನನ ಕುರ್ಚಿ. ‘ನೆಕ್ಸ್ಟ್ ಜನರೇಶನ್’ನ (1987–1994) ರೈಕರ್, ನೌಕೆಯಲ್ಲಿ ಕ್ಯಾಪ್ಟನ್ನನ ನಂತರದ ಅಧಿಕಾರಿ, ಇದಕ್ಕೆ ಮೊದಲ ಉದಾಹರಣೆ. ತನ್ನದೇ ನೌಕೆಯ ನಾಯಕತ್ವ ಕೈಗೆ ಬಂದರೂ ಆತ ಮತ್ತೆ ಮತ್ತೆ ಬೇಡವೆನ್ನುತ್ತಾನೆ. 1990ರಲ್ಲಿ ಅವನ ಸ್ಥಾನದ ಮೇಲೆ ಕಣ್ಣಿಟ್ಟ ಶೆಲ್ಬಿ ಎಂಬ ಚುರುಕಿನ ಅಧಿಕಾರಿ ನೌಕೆಗೆ ಬಂದಾಗ, ತಾನಿನ್ನೂ ಇಲ್ಲೇ ಏಕಿದ್ದೇನೆ ಎಂಬ ಪ್ರಶ್ನೆ ಅವನನ್ನೇ ಕಾಡತೊಡಗುತ್ತದೆ. ಇರುವಲ್ಲಿ ಸುಖವಾಗಿರುವುದನ್ನೇ ಆ ಕಥೆ ಒಂದು ಅನುಮಾನದ ಸಂಗತಿಯನ್ನಾಗಿ ಮಾಡುತ್ತದೆ.

ಈ ಅನುಮಾನ ತೀವ್ರವಾಗುವುದು 1993ರ ‘ಟ್ಯಾಪೆಸ್ಟ್ರಿ’ ಕಂತಿನಲ್ಲಿ. ಯೌವನದ ದುಡುಕೊಂದನ್ನು ತಿದ್ದಿಕೊಳ್ಳುವ ಅವಕಾಶ ಸಿಕ್ಕ ಆ ನೌಕೆಯ ಕ್ಯಾಪ್ಟನ್ ಪಿಕಾರ್ಡ್, ಅದರ ಫಲವಾಗಿ ಕ್ಯಾಪ್ಟನ್ ಆಗದೆ, ತನ್ನದೇ ನೌಕೆಯಲ್ಲಿ ವರದಿಗಳನ್ನು ಹೊತ್ತು ತಿರುಗುವ ಕಿರಿಯ ಲೆಫ್ಟಿನೆಂಟ್ ಆಗಿ ಕಣ್ತೆರೆಯುತ್ತಾನೆ. ತನ್ನ ಯೋಗ್ಯತೆ ಎಷ್ಟೆಂದು ರೈಕರ್ ಮತ್ತು ನೌಕೆಯ ಸಲಹೆಗಾರ್ತಿ ಟ್ರಾಯ್ ಅವರನ್ನು ಅವನು ಕೇಳುವ ದೃಶ್ಯವನ್ನು ದಯವಿಟ್ಟು ಎರಡು ಸಲ ನೋಡಿ. ಅವರು ಒರಟಾಗಿ ಮಾತನಾಡುವುದಿಲ್ಲ. ಕೆಲಸದಲ್ಲಿ ಶಿಸ್ತಿದೆ, ಅಚ್ಚುಕಟ್ಟಿದೆ, ಆದರೆ ಮುನ್ನುಗ್ಗುವ ಧೈರ್ಯ ತೋರಿದ್ದಿಲ್ಲ ಎಂಬ ಅರ್ಥದ ಮಾತುಗಳನ್ನು ಮೃದುವಾಗಿಯೇ ಹೇಳುತ್ತಾರೆ. ಆ ಮೃದುತ್ವವೇ ಅವನನ್ನು ಇರಿಯುತ್ತದೆ. ಇಂಥ ಬಾಳಿಗಿಂತ ಸಾವೇ ಮೇಲೆಂದು ಅವನು ನಿರ್ಧರಿಸುತ್ತಾನೆ. ನಟನೆ ಅಪೂರ್ವವಾದದ್ದು, ಆದರೆ ತೀರ್ಪನ್ನು ನಾನು ಒಪ್ಪಲಾರೆ. ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ ಹಗಲಿರುಳು ಪಾಳಿಯ ಮೇಲೆ ಉಪಗ್ರಹಗಳನ್ನು ಕಾಯುವವರು ನಮ್ಮ ಊರಿನಲ್ಲೇ ಇದ್ದಾರೆ. ಒಂದು ಅಂಕಿಯನ್ನೂ ತಪ್ಪದೆ ಗಮನಿಸುವ ಅವರ ಶ್ರದ್ಧೆಯನ್ನು ಧೈರ್ಯದ ಕೊರತೆ ಎಂದು ಕರೆಯಲು ನನಗಂತೂ ಮನಸ್ಸು ಬಾರದು.

ಅದೇ ಸರಣಿಯ 1994ರ ‘ಲೋವರ್ ಡೆಕ್ಸ್’ ಕಂತು ಕ್ಯಾಮೆರಾವನ್ನು ಕಿರಿಯರತ್ತ ತಿರುಗಿಸುತ್ತದೆ. ಒಂದೇ ಹುದ್ದೆಗೆ ಇಬ್ಬರು ಗೆಳೆಯರ ಪೈಪೋಟಿ. ಒಬ್ಬಳು ಗುಪ್ತ ಕಾರ್ಯಾಚರಣೆಯಲ್ಲಿ ತೀರಿಕೊಳ್ಳುತ್ತಾಳೆ, ಇನ್ನೊಬ್ಬನಿಗೆ ಬಡ್ತಿ ಸಿಗುತ್ತದೆ. ಇನ್ನು ‘ವಾಯೇಜರ್’ನ (1995–2001) ಹ್ಯಾರಿ ಕಿಮ್ ಏಳೂ ಆವೃತ್ತಿಗಳಲ್ಲಿ ಎನ್‌ಸೈನ್, ಅಂದರೆ ತೀರಾ ಕಿರಿಯ ದರ್ಜೆಯ ಅಧಿಕಾರಿ, ಆಗಿಯೇ ಉಳಿದ, ಅದೇ ನೌಕೆಯ ಟುವಾಕ್‌ಗೆ ನಡುವೆಯೇ ಬಡ್ತಿ ದೊರೆಯಿತು.

ನನ್ನ ಮಟ್ಟಿಗೆ ಈ ವಿಷಯದ ತಿರುಳು ಇರುವುದು ಬಾಹ್ಯಾಕಾಶ ನಿಲ್ದಾಣವೊಂದರಲ್ಲಿ ನಡೆಯುವ ‘ಡೀಪ್ ಸ್ಪೇಸ್ ನೈನ್’ ಸರಣಿಯ 1995ರ ‘ಹಾರ್ಟ್ ಆಫ್ ಸ್ಟೋನ್’ ಕಂತಿನಲ್ಲಿ. ಲಾಭವನ್ನೇ ಧರ್ಮವೆಂದು ನಂಬಿದ ಫೆರೆಂಗಿ ಕುಲದ ಹುಡುಗ ನಾಗ್, ಈ ನೌಕೆಗಳನ್ನು ನಡೆಸುವ ಸ್ಟಾರ್‌ಫ್ಲೀಟ್ ಪಡೆಯನ್ನು ಸೇರಲು ಶಿಫಾರಸು ಪತ್ರ ಬೇಕೆಂದು ನಿಲ್ದಾಣದ ಮುಖ್ಯಸ್ಥ ಕಮಾಂಡರ್ ಸಿಸ್ಕೊ ಬಳಿ ಬರುತ್ತಾನೆ. ಸಿಸ್ಕೊ ಅವನಿಗೆ ಉಗ್ರಾಣದ ದಾಸ್ತಾನು ಎಣಿಸುವ ಬೇಸರದ ಕೆಲಸ ಕೊಡುತ್ತಾನೆ. ಹುಡುಗ ಅದನ್ನು ಬೇಗನೆ, ಚೊಕ್ಕವಾಗಿ ಮುಗಿಸುತ್ತಾನೆ. ಅಲ್ಲಿಗೆ ಪ್ರತಿಭೆ ಸಾಬೀತಾಯಿತು. ಆದರೂ ಸಿಸ್ಕೊ ಬಿಡುವುದಿಲ್ಲ, ಏಕೆ ಬೇಕು ಎಂದು ಗದರಿಸಿ ಕೇಳುತ್ತಾನೆ. ಆಗ ನಾಗ್ ತನ್ನ ಕನಸನ್ನು ಬಿಟ್ಟು ತಂದೆ ರಾಮ್‌ನ ಕಥೆ ಹೇಳತೊಡಗುತ್ತಾನೆ. ಯಂತ್ರ ರಿಪೇರಿಯಲ್ಲಿ ಅಸಾಮಾನ್ಯ ಬುದ್ಧಿಯ ತಂದೆ ಅವಕಾಶ ಸಿಕ್ಕಿದ್ದರೆ ನೌಕೆಯೊಂದರ ಮುಖ್ಯ ಎಂಜಿನಿಯರ್ ಆಗಬಹುದಿತ್ತು, ಆದರೆ ಕುಲದ ಪದ್ಧತಿಯಂತೆ ತನಗೆ ಒಗ್ಗದ ವ್ಯಾಪಾರಕ್ಕೆ ಬಿದ್ದು, ಬಾರ್ ನಡೆಸುವ ಅಣ್ಣನೆದುರೇ ತಲೆ ತಗ್ಗಿಸಿ ಬದುಕುತ್ತಿದ್ದಾನೆ. ತಾನು ಹಾಗಾಗಲಾರೆ ಎನ್ನುತ್ತಾನೆ ಮಗ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಇಬ್ಬರೂ ತಮ್ಮ ಶಿಲ್ಪಗಳ ಮೇಲೆ ಹೆಸರು ಕೆತ್ತಿರುವುದನ್ನು ನಾವು ಕಂಡಿದ್ದೇವೆ. ಅಲ್ಲಿ ತಂದೆಯ ಕಸುಬೇ ಮಗನಿಗೆ ದಾರಿಯಾಯಿತು. ರಾಮ್‌ನ ಕಸುಬಿಗೆ ಮಾತ್ರ ಹೆಸರು ಬರೆಯಲು ಕಲ್ಲೇ ಸಿಕ್ಕಿರಲಿಲ್ಲ. ನಾಗ್‌ನ ಆಸೆ ಕುರ್ಚಿಯದಲ್ಲ, ಪ್ರತಿಭೆ ಹಾಳಾಗುವುದನ್ನು ಮನೆಯಲ್ಲೇ ಕಂಡವನ ಸಂಕಟ ಅದು. ಸಿಸ್ಕೊ ಒಪ್ಪುವುದೂ ಇದನ್ನು ಕೇಳಿದ ಮೇಲೆಯೇ.

ಮರುವರ್ಷ ತಂದೆಯೂ ಬಾರಿನ ಕೆಲಸ ಬಿಡುತ್ತಾನೆ. ನಿಲ್ದಾಣದ ದುರಸ್ತಿ ವಿಭಾಗದಲ್ಲಿ ಅವನಿಗೆ ಸಿಗುವುದು ತೀರಾ ಕಿರಿಯ ಹುದ್ದೆ, ಅದೂ ರಾತ್ರಿ ಪಾಳಿ. 1997ರ ಕಂತೊಂದರಲ್ಲಿ ಶತ್ರುನೌಕೆಗಳು ನುಗ್ಗದಂತೆ ತಡೆಯುವ, ತಮ್ಮನ್ನು ತಾವೇ ಮರುಸೃಷ್ಟಿಸಿಕೊಳ್ಳುವ ಸಿಡಿಗುಂಡುಗಳ ಉಪಾಯ ಹೊಳೆಯುವುದು ಆ ಪಾಳಿಯ ಮನುಷ್ಯನಿಗೆ.