ಕುದುರೆಮುಖ ಹತ್ತಿದವರಿಗೆ ಆಸ್ಪೆನ್ ಕಾಡಿನ ಚಾರಣ ಕಷ್ಟವೇ?

ಪ್ರಶ್ನೆ: ಉಡುಪಿ ಮತ್ತು ಮಂಗಳೂರಿನ ನಾವು ಕೆಲವು ಸ್ನೇಹಿತರು, ಹೆಚ್ಚಿನವರು ಐವತ್ತು ದಾಟಿದವರು, ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಡೆನ್ವರ್‌ನಲ್ಲಿರುವ ಮಕ್ಕಳ ಮನೆಗೆ ಹೋಗುವವರಿದ್ದೇವೆ. ಅಲ್ಲಿನ ಬೆಟ್ಟಗಳಲ್ಲಿ ಹಳದಿ ತಿರುಗಿದ ಆಸ್ಪೆನ್ ಮರಗಳ ಕಾಡಿನೊಳಗೆ ಒಂದು ದಿನ ಒಟ್ಟಾಗಿ ನಡೆಯಬೇಕೆಂಬ ಆಸೆ. ಕುದುರೆಮುಖ, ಕೊಡಚಾದ್ರಿ ಹತ್ತಿಳಿದ ಅನುಭವ ನಮಗೆ ಸಾಕಾದೀತೇ?

ಉತ್ತರ: ಕಾಲುಗಳ ಮಟ್ಟಿಗೆ ಸಾಕು. ಮುಳ್ಳೋಡಿಯಿಂದ ಕುದುರೆಮುಖದ ತುದಿಗೆ ಹೋಗಿ ಬರುವ ಸುಮಾರು 20 ಕಿ.ಮೀ. ದಾರಿಯನ್ನು ಒಂದೇ ದಿನದಲ್ಲಿ ನಡೆದವರಿಗೆ ಆಸ್ಪೆನ್ ಕಾಡಿನ ಎಂಟು ಹತ್ತು ಕಿ.ಮೀ. ದೂರ ದೊಡ್ಡದಲ್ಲ, ಅಲ್ಲಿ ಇಂಬಳಗಳ ಕಾಟವೂ ಇಲ್ಲ, ಜಾರುವ ಪಾಚಿಗಲ್ಲೂ ಕಡಿಮೆ. ಆದರೆ ಕುದುರೆಮುಖದ ನೆತ್ತಿ ಸಮುದ್ರಮಟ್ಟದಿಂದ 1,900 ಮೀಟರಿಗಿಂತ ತುಸು ಕಡಿಮೆ ಎತ್ತರದಲ್ಲಿದ್ದರೆ, ಡೆನ್ವರ್ ಇರುವ ಕೊಲರಾಡೊ ರಾಜ್ಯದ ಪ್ರಸಿದ್ಧ ಆಸ್ಪೆನ್ ದಾರಿಗಳಲ್ಲಿ ಹಲವು ಆರಂಭವಾಗುವುದೇ 2,700ರಿಂದ 3,000 ಮೀಟರ್ ಎತ್ತರದಲ್ಲಿ. ಕರ್ನಾಟಕದ ಘಟ್ಟಗಳ ಅತಿ ಎತ್ತರದ ಚಾರಣ ಮುಗಿಯುವ ಮಟ್ಟಕ್ಕಿಂತ ಬಹಳ ಮೇಲೆ ಅಲ್ಲಿ ಕಾರು ನಿಲ್ಲಿಸುತ್ತಾರೆ.

3,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ. 70ರಷ್ಟೇ ಇರುವುದರಿಂದ ಪ್ರತಿ ಉಸಿರಿಗೂ ದೊರೆಯುವ ಆಮ್ಲಜನಕ ಅಷ್ಟರಮಟ್ಟಿಗೆ ಕಡಿಮೆ. ಮಲ್ಪೆಯ ಮರಳಿನಲ್ಲಿ ದಿನಾ ನಡೆದರೂ, ಗಡಾಯಿಕಲ್ಲಿನ ಮೆಟ್ಟಿಲುಗಳನ್ನು ವಾರಕ್ಕೊಮ್ಮೆ ಹತ್ತಿದರೂ ಈ ಕೊರತೆಗೆ ದೇಹ ಒಗ್ಗುವುದಿಲ್ಲ, ಏಕೆಂದರೆ ಒಗ್ಗಿಕೊಳ್ಳುವ ಕೆಲಸ ಎತ್ತರದಲ್ಲಿ ಕಳೆದ ದಿನಗಳಿಂದ ಮಾತ್ರ ನಡೆಯುತ್ತದೆ. ತಲೆನೋವು, ವಾಕರಿಕೆ, ವಿಪರೀತ ದಣಿವು ಎತ್ತರಕ್ಕೆ ಹೋದ ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳುತ್ತವೆ, ಮತ್ತು ಗಟ್ಟಿಮುಟ್ಟಾದವರಿಗೆ ಇದರಿಂದ ವಿನಾಯಿತಿಯೇನೂ ಇಲ್ಲ. ಗುಂಪಿನಲ್ಲಿ ಮುಂದೆ ಓಡುವವರೇ ಮೊದಲು ಮಲಗುವುದು ಅಪರೂಪವಲ್ಲ.

ಡೆನ್ವರ್ ನಗರವೇ ಸುಮಾರು 1,600 ಮೀಟರ್ ಎತ್ತರದಲ್ಲಿರುವುದು ಇಲ್ಲಿ ನಿಮ್ಮ ಪಾಲಿನ ಅನುಕೂಲ. ಇಳಿದ ಮರುದಿನವೇ ಬೆಟ್ಟಕ್ಕೆ ಹೊರಡದೆ ಮೂರು ನಾಲ್ಕು ದಿನ ಮಕ್ಕಳ ಮನೆಯಲ್ಲಿದ್ದು, ನಿದ್ದೆಯ ಲೆಕ್ಕ ಸರಿಯಾದ ಮೇಲೆ ಹೋಗಿ, ಅದೇ ಸಂಜೆ ಕೆಳಗಿಳಿದು ಮಲಗುವುದು ಒಳ್ಳೆಯದು. ರಕ್ತದೊತ್ತಡ, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು ಊರು ಬಿಡುವ ಮೊದಲೇ ತಮ್ಮ ವೈದ್ಯರನ್ನು ಕಾಣಬೇಕು.

ಅಷ್ಟು ಕಾದರೆ ಎಲೆ ಉದುರಿಬಿಟ್ಟೀತೇ ಎಂಬ ಆತಂಕ ಸಹಜ, ಆದರೆ ಆ ಮರದ ಸ್ವಭಾವವೇ ನಿಮಗೆ ಸಮಯ ಕೊಡುತ್ತದೆ. ಆಸ್ಪೆನ್ ಬೀಜಕ್ಕಿಂತ ಹೆಚ್ಚಾಗಿ ಬೇರಿನಿಂದ ಹಬ್ಬುತ್ತದೆ. ನಮ್ಮ ತೋಟದಲ್ಲಿ ಒಂದು ಬಾಳೆಯ ಬುಡದಿಂದ ಕಂದುಗಳೆದ್ದು ಹಿಂಡಾಗುವಂತೆ, ಒಂದೇ ಬೇರಿನ ಜಾಲದಿಂದ ನೂರಾರು, ಸಾವಿರಾರು ಕಾಂಡಗಳು ಮೇಲೇಳುತ್ತವೆ. ಯೂಟಾ ರಾಜ್ಯದ ಫಿಶ್‌ಲೇಕ್ ಅರಣ್ಯದಲ್ಲಿರುವ ‘ಪ್ಯಾಂಡೊ’ ಎಂಬ ಇಂಥ ಒಂದೇ ಜೀವಿ ಸುಮಾರು 43 ಹೆಕ್ಟೇರಿನಲ್ಲಿ ಹರಡಿದ್ದು, ಅದರ ಕಾಂಡಗಳ ಸಂಖ್ಯೆ ಸುಮಾರು 47,000 ಎಂದು ಅಂದಾಜು. ಒಂದು ಹಿಂಡಿನ ಮರಗಳೆಲ್ಲ ತಳಿಯಲ್ಲಿ ಒಂದೇ ಆಗಿರುವುದರಿಂದ ಅವು ಬಹುಮಟ್ಟಿಗೆ ಒಟ್ಟಿಗೇ ಹಳದಿಯಾಗುತ್ತವೆ, ಪಕ್ಕದ ಹಿಂಡು ತನ್ನದೇ ದಿನಕ್ಕೆ ಕಾಯುತ್ತದೆ. ಒಂದೇ ಇಳಿಜಾರಿನಲ್ಲಿ ಹಸಿರು, ಹೊನ್ನು, ಅಲ್ಲಲ್ಲಿ ಕಿತ್ತಳೆ ಬಣ್ಣದ ಪಟ್ಟಿಗಳು ಕಾಣುವುದು ಇದರಿಂದಲೇ. ಮಧ್ಯ ಕೊಲರಾಡೊದಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರಿನ ಕೊನೆಯ ವಾರ ಬಣ್ಣ ಉತ್ತುಂಗದಲ್ಲಿರುತ್ತದೆ, ದಕ್ಷಿಣಕ್ಕೆ ಅಕ್ಟೋಬರ್ ಆರಂಭದವರೆಗೂ ಉಳಿಯುತ್ತದೆ. ಜೋರು ಗಾಳಿಯೋ ಅಕಾಲದ ಹಿಮವೋ ಬಂದರೆ ಮಾತ್ರ ಒಂದೇ ರಾತ್ರಿಯಲ್ಲಿ ಕೊಂಬೆ ಬರಿದಾಗಬಹುದು.

ಎಲ್ಲರೂ ಹೆಸರಿಸುವುದು ಮರೂನ್ ಬೆಲ್ಸ್ ಎಂಬ ಜೋಡಿ ಶಿಖರಗಳ ತಾಣವನ್ನು. ಅದು ಸುಂದರವೇ, ಆದರೆ ಡೆನ್ವರ್‌ನಿಂದ ದೂರ, ಮುಂಗಡ ಕಾಯ್ದಿರಿಸುವಿಕೆಯೂ ಬೇಕು. ನಿಮ್ಮಂಥ ಗುಂಪಿಗೆ ನಾನು ಕೆನೋಶಾ ಪಾಸ್ ಎಂಬ ಬೆಟ್ಟದ ಕಣಿವೆದಾರಿಯನ್ನು ಸೂಚಿಸುತ್ತೇನೆ. ಡೆನ್ವರ್‌ನಿಂದ ಸುಮಾರು ಒಂದೂವರೆ ಗಂಟೆಯ ಪ್ರಯಾಣ, ಎತ್ತರ ಸುಮಾರು 3,050 ಮೀಟರ್. ಕೊಲರಾಡೊ ಟ್ರೇಲ್ ಎಂಬ ದೀರ್ಘ ಕಾಲುದಾರಿ ಇಲ್ಲಿ ಹೆದ್ದಾರಿಯನ್ನು ದಾಟುತ್ತದೆ. ಶಿಖರ ಮುಟ್ಟಲೇಬೇಕೆಂಬ ಹಟವಿಲ್ಲದೆ, ಹೋದಷ್ಟು ಹೋಗಿ ಅದೇ ದಾರಿಯಲ್ಲಿ ಮರಳಬಹುದಾದ್ದರಿಂದ ಸುಸ್ತಾದವರು ಒಬ್ಬ ಜೊತೆಗಾರರೊಂದಿಗೆ ಅರ್ಧದಲ್ಲೇ ಹಿಂದಿರುಗಿದರೂ ಯಾರ ದಿನವೂ ಕೆಡುವುದಿಲ್ಲ. ವಾರಾಂತ್ಯದಲ್ಲಿ ಅಲ್ಲಿ ವಾಹನಗಳ ಜಾತ್ರೆ. ವಾರದ ನಡುವೆ, ಬೆಳಿಗ್ಗೆ ಬೇಗ ಹೋಗಿ.

ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದಿರಲಿ, ಅನುಭವಿ ಒಬ್ಬರು ಕೊನೆಯಲ್ಲಿರಲಿ, ಮತ್ತು ಎಷ್ಟು ಗಂಟೆಗೆ ಹಿಂದಿರುಗಬೇಕೆಂದು ಹೊರಡುವ ಮೊದಲೇ ಒಪ್ಪಿಕೊಳ್ಳಿ. ಕರಾವಳಿಯವರಾದ ನಾವು ಬೆವರು ನೋಡಿ ನೀರು ಕುಡಿಯುವವರು. ಅಲ್ಲಿನ ಒಣಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುವುದರಿಂದ ಬಾಯಾರಿಕೆಗೆ ಕಾಯದೆ ಆಗಾಗ ಗುಟುಕರಿಸುತ್ತಿರಬೇಕು. ಬಿಸಿಲಿಗೆ ಟೋಪಿ, ತುಟಿಗೆ ಮುಲಾಮು, ನೆರಳಿನ ಚಳಿಗೆ ಉಣ್ಣೆಯ ಅಂಗಿ, ಮೇಲೊಂದು ಗಾಳಿಯಂಗಿ ಜೊತೆಗಿರಲಿ. ಶರತ್ಕಾಲ ಅಲ್ಲಿ ಬೇಟೆಯ ಕಾಲವೂ ಆಗಿರುವುದರಿಂದ ಕಿತ್ತಳೆಯಂಥ ಎದ್ದು ಕಾಣುವ ಬಣ್ಣ ತೊಡಿ. ಆಸ್ಪೆನ್ನಿನ ತೆಳು ತೊಗಟೆಯ ಮೇಲೆ ಹೆಸರು ಕೆತ್ತುವ ಚಟ ಅಲ್ಲಿಯ ಜನಕ್ಕೂ ಇದೆ. ಆ ಗಾಯದ ಮೂಲಕ ಶಿಲೀಂಧ್ರ ಒಳಹೊಕ್ಕು ಮರ ಸಾಯಬಹುದು.

ದಾರಿಯಲ್ಲಿ ಯಾರಿಗಾದರೂ ತಲೆನೋವು ಆರಂಭವಾದರೆ ಮೇಲೇರುವುದನ್ನು ನಿಲ್ಲಿಸಿ, ಕಡಿಮೆಯಾಗದಿದ್ದರೆ ಇಳಿಯಿರಿ. ಕುಳಿತಿದ್ದಾಗಲೂ ಏದುಸಿರು, ತೂರಾಡುವ ನಡಿಗೆ, ತೊದಲು ಮಾತು ಕಂಡರೆ ತಡಮಾಡದೆ ಕಾರಿನಲ್ಲಿ ಕೆಳಗೆ ಕರೆದೊಯ್ಯುತ್ತಲೇ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ.